ಗೆರೆಯಾಗಲು ಒಲ್ಲೆನೆಂದ ಖುರ್ಷಿದ ಬೇಗಂ

ಬೀದರಿನ ಚೌಬಾರಾ ಹತ್ತಿರದ ಓಣಿಯಲ್ಲಿ ನಾಜಿಯಾ ಪ್ರಬಂಧ ಟೈಪು ಮಾಡಿಕೊಡುತ್ತಾಳೆ. ಹದಿನೆಂಟು ವರ್ಷದಲ್ಲಿ ಅವಳ ಕೈಯಿಂದ ಎಷ್ಟು ಜನ ಡಾಕ್ಟರೇಟು ದಾಟಿಹೋದರೋ ದೇವರೇ ಬಲ್ಲ. ಅವಳದು ಮಾತ್ರ ಬಿ.ಎ. ಎರಡನೇ ವರ್ಷಕ್ಕೇ ನಿಂತಿತು. ಆದರೇನು, ಪ್ರೊಫೆಸರುಗಳೂ ಅವಳೆದುರು ಕುರ್ಚಿಯ ತುದಿಯಲ್ಲಿ ಕೂರುತ್ತಾರೆ. ಸಿಟ್ಟು ಮೂಗಿನ ತುದಿಯಲ್ಲೇ ಇರುವ ಹೆಂಗಸು.

ಬೇರೆ ಅಂಗಡಿಯವರು ಆಕರಗಳ ಪಟ್ಟಿಯನ್ನು ಒಂದೊಂದೇ ಸಾಲು ಹೊಡೆಯುತ್ತಾರೆ. ನಡುವೆ ಒಂದು ಪುಸ್ತಕ ಸೇರಿತೋ, ಮತ್ತೆ ಮೊದಲಿಂದ. ನಾಜಿಯಾ ಅದಕ್ಕೆಲ್ಲ ಬಗ್ಗುವವಳಲ್ಲ. ಬರೀ ಅಕ್ಷರ ಬರೆಯುವ 'ಎಡಿಟರ್' ಎಂಬ ಕಂಪ್ಯೂಟರ್ ತಂತ್ರಾಂಶವನ್ನು ಇಂಟರ್‌ನೆಟ್ಟಿನಲ್ಲಿ ನೋಡಿ ನೋಡಿ ಕಲಿತು, ತನಗೆ ಬೇಕಾದಂತೆ ತಿದ್ದಿಕೊಂಡಿದ್ದಾಳೆ. ಪ್ರತಿ ಆಕರಕ್ಕೊಂದು ಚೀಟಿ: ಹೆಸರು, ವರ್ಷ, ಶೀರ್ಷಿಕೆ. ಎರಡು ಕೀಲಿ ಒತ್ತಿದರೆ ಚೀಟಿಗಳು ತೆರೆದುಕೊಳ್ಳುತ್ತವೆ. ಒಂದನ್ನು ಆರಿಸಿದರೆ ಉಲ್ಲೇಖ ತಾನೇ ಜಾಗಕ್ಕೆ ಬೀಳುತ್ತದೆ, ಕೊನೆಯ ಪಟ್ಟಿಯೂ ತಾನೇ ಜೋಡಣೆಯಾಗುತ್ತದೆ. ಅಚ್ಚಾದ ಪ್ರಬಂಧ ಕೈಗೆ ಕೊಟ್ಟರೆ ಎಂಥ ವಿದ್ವಾಂಸನೂ ಮೊದಲು ತೆರೆಯುವುದು ಆ ಪಟ್ಟಿಯನ್ನೇ, ಹುಡುಕುವುದು ತನ್ನ ಹೆಸರನ್ನೇ. ಇದು ನಾಜಿಯಾ ಕಂಡುಕೊಂಡ ಸತ್ಯ.

ಠಾಣಾ ಕುಶನೂರಿನ ಅಲಕಾ ತಂದ ಇಂಗ್ಲಿಷ್ ಪ್ರಬಂಧ ಮಾತ್ರ ಈ ಏರ್ಪಾಟಿಗೆ ದಕ್ಕಲಿಲ್ಲ. ವಿಷಯ, ಭಾಲ್ಕಿ ಮತ್ತು ಔರಾದ ಕಡೆಯ ಸೂಲಗಿತ್ತಿಯರು. ಆಕರಗಳಲ್ಲಿ ಅರ್ಧ ಪುಸ್ತಕ, ಅರ್ಧ ಮುದುಕಿಯರು. ಮೆಹಕರದ ಖುರ್ಷಿದ ಬೇಗಂ, ಖಟಕ ಚಿಂಚೋಳಿಯ ಕನೀಜ ಬೇಗಂ. ಬೇಗಂ ಎಂದರೆ ಮನೆತನದ ಹೆಸರು ಎಂದೇ ತಿಳಿದ ಎಡಿಟರು, ಉಳಿದದ್ದನ್ನು ಕತ್ತರಿಸಿ ಇಬ್ಬರನ್ನೂ 'ಬೇಗಂ, ಕೆ.' ಮಾಡಿತು. ಅಷ್ಟಕ್ಕೂ ಬಿಡಲಿಲ್ಲ. ಒಬ್ಬರದೇ ಹೆಸರು ಎರಡು ಸಲ ಬಂದರೆ ಎರಡನೆಯದರ ಜಾಗಕ್ಕೆ ಗೆರೆ ಎಳೆಯುವುದು ಪದ್ಧತಿ. ಖುರ್ಷಿದ ಬೇಗಂ ಗೆರೆಯಾದಳು.

ಆ ವಾರ ಅಲಕಾ ಆ ಖುರ್ಷಿದ ಬೇಗಂಳನ್ನೇ ಅಂಗಡಿಗೆ ಕರೆತಂದಿದ್ದಳು. ನಾಜಿಯಾ ಪುಟ ತೆರೆದು ಕನೀಜಾಳ ಸಾಲನ್ನೂ ಅದರ ಕೆಳಗಿನದನ್ನೂ ಬೆರಳಿಟ್ಟು ಓದಿ ತೋರಿಸಿದಳು.

"ಇದು ಕನೀಜಾ. ನಾ ಎಲ್ಲಿದ್ದೀನಿ?" ಎಂದಳು ಮುದುಕಿ.

"ಈ ಗೆರಿ ನೀವೇ ಖಾಲಾ," ಎಂದಳು ನಾಜಿಯಾ, ನಾಲಿಗೆ ಕಚ್ಚಿಕೊಂಡು.

"ಗೆರಿ? ಅಡ್ಡ ಬಂದ ಕೂಸು ಹೊಟ್ಟಿ ಮ್ಯಾಲೆ ಕೈಯಿಟ್ಟು ಹೊಳ್ಳಿಸಿದಾಕಿ ನಾ. ಕನೀಜಾ ಹೊಸ್ತಲಾಗ ನಿಂತು ನೋಡಿದಾಕಿ! ಮೈ ಅಲಗ್, ವೋ ಅಲಗ್! ನಾ ಬ್ಯಾರೆ, ಆಕಿ ಬ್ಯಾರೆ!"

ನಾಜಿಯಾಳಿಗೆ ಕಪಾಳಕ್ಕೆ ಹೊಡೆದಂತಾಯಿತು. ಇಷ್ಟು ವರ್ಷ ಇಂಥ ಎಷ್ಟು ಗೆರೆ ಎಳೆದೆನೋ ಎಂದು ನಾಚಿಕೆಯಾಯಿತು. ಎರಡು ದಿನ ಬೇರೆ ಕೆಲಸ ಮುಟ್ಟಲಿಲ್ಲ. 'ಹೇಳಿದವರು' ಎಂಬ ಹೊಸ ಬಗೆಯ ಚೀಟಿ ಮಾಡಿದಳು: ಪೂರ್ತಿ ಹೆಸರು, ಊರು, ಹೇಳಿದ ದಿನ. ಪುಸ್ತಕದವರಿರಲಿ, ಮುದುಕಿಯರಿರಲಿ, ಯಾರ ಹೆಸರನ್ನೂ ಕತ್ತರಿಸಕೂಡದು, ಗೆರೆ ಎಳೆಯಕೂಡದು ಎಂದು ಎಡಿಟರಿಗೆ ಕಟ್ಟಪ್ಪಣೆ ಮಾಡಿದಳು.

ಅಲಕಾಳ ಗೈಡು ಗುರುನಾಥ ಪಾಟೀಲರು ಅದನ್ನು ನೋಡಿ ಕೆಂಡವಾಗಿ ಅಂಗಡಿಗೇ ಬಂದರು. ಹಿಂದೆ ಅಲಕಾ, ಮುಖ ಇಷ್ಟೇ ಮಾಡಿಕೊಂಡು. ಸಲ್ಲಿಸಲು ಉಳಿದದ್ದು ಒಂದೇ ದಿನ.

"ಮುದುಕ್ಯಾರ ಸಲುವಾಗಿ ಪದ್ಧತಿ ಮುರೀತೀರೇನ್ರಿ? ಮೊದಲಿನಂಗ ಮಾಡ್ರಿ. ಇಲ್ಲಾಂದ್ರ ನನ್ನ ಸಹಿ ಇಲ್ಲ. ನನ್ನ ಒಬ್ಬ ವಿದ್ಯಾರ್ಥಿನೂ ಇನ್ನ ನಿಮ್ಮ ಅಂಗಡಿ ಮೆಟ್ಟಲ ಹತ್ತಂಗಿಲ್ಲ."

ಅಂಗಡಿಗೆ ಬರುವವರಲ್ಲಿ ಅರ್ಧಕ್ಕರ್ಧ ಅವರ ವಿದ್ಯಾರ್ಥಿಗಳೇ. ನಾಜಿಯಾ ಅಲಕಾಳ ಮುಖ ನೋಡಿದಳು.

"ಪದವಿ ನಿಂದವ್ವ. ನೀ ಹೇಳು."

ಅಲಕಾ ಮುಂದೆ ಬಂದಳು. "ಖುರ್ಷಿದ ಖಾಲಾಗ ಗೆರಿ ಮಾಡಿ ಡಾಕ್ಟರ್ ಆಗೂದು ನನಗ ಬ್ಯಾಡ ಸರ್."

ಭಲೆ ಎಂದುಕೊಂಡಳು ನಾಜಿಯಾ. "ಒಂದ್ಸಲ ಮೊದಲಿನಂಗ ತೆಗೆದು ತೋರಸ್ತೇನಿ ಸರ್. ನೀವೇ ನೋಡಿ ಹೇಳ್ರಿ." ಹಳೆಯ ನಿಯಮ ಹಾಕಿ, ಅದೇ ಪುಟ ಪ್ರಿಂಟು ತೆಗೆದು ಕೈಗಿಟ್ಟಳು. ಒಂದಕ್ಷರ ಅತ್ತಿತ್ತ ಮಾಡಲಿಲ್ಲ.

ಪಾಟೀಲರ ಕಣ್ಣು ಹೋಗುವಲ್ಲಿಗೇ ಹೋಯಿತು. ಮೊದಲು 'ಪಾಟೀಲ, ಜಿ.', ಎಮ್ಮೆ ಈಯುವಾಗಿನ ತೊಡಕುಗಳು. ಊರುಗಳಲ್ಲಿ ದನ ಈಯುವಾಗಲೂ ಸೂಲಗಿತ್ತಿಯನ್ನೇ ಕರೆಯುತ್ತಿದ್ದುದರಿಂದ ಆ ಲೇಖನ ಅಲ್ಲಿತ್ತು. ಅದರ ಕೆಳಗೊಂದು ಗೆರೆ, ಗೆರೆಯ ಮುಂದೆ ಈ ಗುರುನಾಥ ಪಾಟೀಲರ ಹೆಸರಾಂತ ಲೇಖನ.

"ಏ, ಇದೇನ್ರಿ! ಈತ ಗೋವಿಂದ ಪಾಟೀಲ, ದನದ ಡಾಕ್ಟರ್! ನಾ ಬ್ಯಾರೆ, ಅಂವ ಬ್ಯಾರೆ!"

"ಪದ್ಧತಿ ಅದರಿ ಸರ್."

ಅಲಕಾ ಸೆರಗು ಬಾಯಿಗಿಟ್ಟುಕೊಂಡಳು. ಪಾಟೀಲರು ಕನ್ನಡಕ ಒರೆಸಿದರು, ಮತ್ತೆ ಹಾಕಿಕೊಂಡರು.

"ನನ್ನದೊಂದು ಸರಿ ಮಾಡ್ರಿ."

"ಒಬ್ಬರದಷ್ಟೇ ಮಾಡಂಗಿಲ್ರಿ. ಮಾಡಿದ್ರ ಎಲ್ಲಾರದೂ, ಇಲ್ಲಾಂದ್ರ ಯಾರದೂ ಇಲ್ಲ."

ಪಾಟೀಲರು ಆ ಗೆರೆಯನ್ನು ಇನ್ನೊಮ್ಮೆ ದಿಟ್ಟಿಸಿದರು. ಆಮೇಲೆ ಕಿಸೆಯಿಂದ ಪೆನ್ನು ತೆಗೆದರು. "ನಿಮ್ಮ ಪಟ್ಟೀನೇ ಇರ್ಲಿ," ಎಂದು ಗೊಣಗುತ್ತ ಸಹಿ ಹಾಕಿದರು.

ತಿಂಗಳು ಕಳೆದು ಅಲಕಾ ರಟ್ಟು ಕಟ್ಟಿಸಿದ ಪ್ರಬಂಧ ಹಿಡಿದು ಮೆಹಕರಕ್ಕೆ ಹೊರಟಾಗ ನಾಜಿಯಾ ಅಂಗಡಿಗೆ ಬೀಗ ಹಾಕಿ ಜೊತೆಗೆ ಹೋದಳು. ಖುರ್ಷಿದ ಬೇಗಂ ಕೈ ತೊಳೆದು ಸೆರಗಿಗೆ ಒರೆಸಿಕೊಂಡು ಕೂತಳು. ನಾಜಿಯಾ ಅವಳ ಬೆರಳನ್ನು ಹೆಸರಿನ ಮೇಲಿಟ್ಟಳು. ಮುದುಕಿ ಅದರ ಉದ್ದವನ್ನು ಈ ತುದಿಯಿಂದ ಆ ತುದಿಗೆ ಸವರಿದಳು.

"ಮ್ಯಾಲಿನ ಸಾಲಿನಾಗ ಯಾರಿದ್ದಾರ?"

"ಕನೀಜ ಬೇಗಂ, ಖಾಲಾ. ಅಕ್ಷರದ ಸರದಿ ಪ್ರಕಾರ ಆಕಿ ಮೊದಲ ಬರ್ತಾಳ."

ಮುದುಕಿ ಮೂಗು ಮುರಿದಳು. "ಬರ್ಲಿ ಬಿಡು. ನಾ ಗೆರಿ ಅಲ್ಲಲ್ಲ."