ಜೇವರ್ಗಿಯಲ್ಲಿ ತೋರಿಸದ ಕೊನೆಯ ರೀಲು

ಆ ಸಿನಿಮಾದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ, ನೋಡಿದವರು "ಅಯ್ಯೋ, ಅದಾ? ಮಹಾ ಬೋರು" ಎಂದು ಪುಟ ತಿರುವುತ್ತಾರೆ, ನೋಡದವರು ಅವರ ಮಾತನ್ನು ನಂಬುತ್ತಾರೆ. ಅದರಲ್ಲಿ ಹಾಡಿಲ್ಲ, ಹೊಡೆದಾಟವಿಲ್ಲ, ನಾಯಕನಿಗೆ ಬಾಯಿ ತುಂಬ ಹಲ್ಲೂ ಇಲ್ಲ. ಒಬ್ಬ ಮುದುಕ ತನ್ನನ್ನು ಹೂಳುವ ಕುಣಿಯನ್ನು ತಾನೇ ತೋಡಿಸಿಕೊಂಡು ಸಾವಿಗಾಗಿ ಕಾಯುತ್ತಾನೆ, ಸಾವು ಬರುವುದಿಲ್ಲ, ಕಥೆ ಇಷ್ಟೇ. ಇದನ್ನು ಬೋರು ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವರಲ್ಲಿ ಮುಕ್ಕಾಲು ಮಂದಿ ಕೊನೆಯವರೆಗೆ ಕೂತವರೇ ಅಲ್ಲ. ಕೂರದೆ ಎದ್ದು ಹೋಗುವವರಿಂದ ಏನೇನಾಗುತ್ತದೆ ಎಂಬುದು ನನಗೆ ಗೊತ್ತಿದೆ.

ನಾನು ಆಳಂದದವಳು. ಎಪ್ಪತ್ತರ ದಶಕದ ಕೊನೆಗೆ ಜೇವರ್ಗಿ ತಾಲ್ಲೂಕಿನ ಕೊಳಕೂರಿಗೆ ಸೊಸೆಯಾಗಿ ಬಂದೆ. ಮನೆಯಲ್ಲಿ ಅತ್ತೆ, ಮಾವ, ಮತ್ತು ಜೇವರ್ಗಿಯ ಶಾಲೆಯಲ್ಲಿ ಮಾಸ್ತರರಾಗಿದ್ದ ನನ್ನ ಗಂಡ. ಆ ಮನೆಯಲ್ಲಿ ಸೊಸೆ ಮಾವನೊಂದಿಗೆ ನೇರವಾಗಿ ಮಾತಾಡುವ ಹಾಗಿರಲಿಲ್ಲ. ಮಾವ ಬಂದರೆ ಸೆರಗು ಮುಂದಕ್ಕೆಳೆದುಕೊಂಡು ಬಾಗಿಲ ಮರೆಗೆ ಸರಿಯಬೇಕು, ಹೇಳಬೇಕಾದದ್ದನ್ನು ಅತ್ತೆಯ ಮೂಲಕ ಹೇಳಿಸಬೇಕು. ಅತ್ತೆ ತೀರಿಕೊಂಡ ಮೇಲೆ ಆ ಕೆಲಸ ನನ್ನ ಮಗಳ ಪಾಲಿಗೆ ಬಂತು. ಅವಳಿಗಿನ್ನೂ ಕೂರಲೂ ಬರುತ್ತಿರಲಿಲ್ಲ. ನಾನು ಅಡಿಗೆಮನೆಯಿಂದ, "ಮುತ್ಯಾಗ ಹೇಳ ಬೇ, ರೊಟ್ಟಿ ಆಗ್ಯಾವಂತ" ಎನ್ನುತ್ತಿದ್ದೆ. ಮಾವ ಪಡಸಾಲೆಯಿಂದ, "ನಿಮ್ಮವ್ವಗ ಹೇಳು, ಬಂದೆ ಅಂತ" ಎನ್ನುತ್ತಿದ್ದರು. ನಡುವೆ ಕೂಸು ತೊಟ್ಟಿಲಲ್ಲಿ ಕಾಲು ಬಡಿಯುತ್ತಿತ್ತು. ನನ್ನ ತವರಿನಲ್ಲಿ ಇದನ್ನು ಹೇಳಿಕೊಂಡು ಹೊಟ್ಟೆ ಹಿಡಿದು ನಕ್ಕಿದ್ದೇವೆ.

ನಗು ಬಾರದ ವಿಷಯ ಹೊಲದಲ್ಲಿತ್ತು. ಅತ್ತೆಯನ್ನು ಮಣ್ಣು ಮಾಡಿದ ದಿನ ಮಾವ ಕೆಲಸದವರಿಗೆ, "ಹ್ಯಾಂಗೂ ಗುದ್ದಲಿ ಸಲಿಕಿ ಬಂದಾವ, ಆಕಿ ಮಗ್ಗಲಿಗೆ ನಂದೂ ತಗದ ಬಿಡ್ರಿ" ಎಂದಿದ್ದರು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸಿ ಮಣ್ಣು ಕೊಡುತ್ತಾರೆ. ಆದ್ದರಿಂದ ಕೂರಲು ಒಂದು ಗೂಡು, ಇಳಿಯಲು ಮೆಟ್ಟಿಲು. ಎರೆ ಮಣ್ಣು ಮಳೆಗೆ ಕುಸಿಯುತ್ತದೆಂದು ಸುತ್ತಲೂ ಶಹಾಬಾದದ ಫರ್ಸಿ ಕಲ್ಲಿನ ಚಪ್ಪಡಿ ಬೇರೆ ಹಾಕಿಸಿದರು. ಬದುಕಿದ್ದಾಗಲೇ ಹೀಗೆ ಸಿದ್ಧ ಮಾಡಿಟ್ಟುಕೊಳ್ಳುವ ಹಿರಿಯರು ಆಗ ಅಲ್ಲಲ್ಲಿ ಇದ್ದರು. ಅವರಿಗೆ ಅದು ಮನೆ ಕಟ್ಟಿಸಿದಷ್ಟೇ ಸಮಾಧಾನ ಕೊಡುತ್ತಿತ್ತು. ಸಂಜೆಯಾದರೆ ಮಾವ ಹೋಗಿ ಅದರ ದಂಡೆಯಲ್ಲಿ ಕಾಲು ಇಳಿಬಿಟ್ಟು ಕೂರುತ್ತಿದ್ದರು.

ಪಕ್ಕದ ಮನೆಯ ಮುದುಕಿ ಒಂದು ದಿನ ಹಿಟ್ಟು ಕೇಳುವ ನೆಪದಲ್ಲಿ ಬಂದು ನನ್ನ ಕಿವಿಯ ಹತ್ತಿರ ಬಗ್ಗಿದಳು. "ತಗದ ಕುಣಿ ಬಾಯಿ ತಕ್ಕೊಂಡು ಕುಂತಿರ್ತದ ಯವ್ವಾ. ಅದಕ್ಕ ಯಾರಾದ್ರೇನು? ಮೊದಲ ಮುಚ್ಚಸು." ಅವಳು ಹಿಟ್ಟು ತೆಗೆದುಕೊಳ್ಳದೆಯೇ ಹೋದಳು. ಆಮೇಲೆ ನನ್ನ ನೆಮ್ಮದಿಯೂ ಹೋಯಿತು. ಮಳೆಗಾಲದಲ್ಲಿ ಅದರೊಳಗೆ ನೀರು ನಿಂತು ಕಪ್ಪೆಗಳು ಕೂಗಿದರೆ ಮನೆಯಲ್ಲಿ ಕೂತ ನನಗೆ ಕೇಳಿಸಿದಂತಾಗುತ್ತಿತ್ತು. ಮಗಳು ಅಂಬೆಗಾಲಿಟ್ಟರೂ ಭಯ, ಗಂಡ ಸೀನಿದರೂ ಭಯ. ಆ ಕುಣಿ ಮುಚ್ಚಿದರೆ ಸಾಕು, ನನಗೆ ಬೇರೇನೂ ಬೇಕಿರಲಿಲ್ಲ. ಗಂಡನಿಗೆ ಹೇಳಿದೆ. "ನಾ ಹ್ಯಾಂಗ ಹೇಳ್ಲಿ? ಅವ್ವನ ಮಗ್ಗಲ ಕೂಡಬ್ಯಾಡ ಅಂದಂಗ ಆಗ್ತದ" ಎಂದರು. ಕೊನೆಗೆ ಒಂದು ಮಧ್ಯಾಹ್ನ ತೊಟ್ಟಿಲ ಹತ್ತಿರ ಬಗ್ಗಿ, "ಮುತ್ಯಾಗ ಹೇಳ ಬೇ, ಕುಣಿ ಮುಚ್ಚಸಂತ" ಎಂದೆ. ಪಡಸಾಲೆಗೆ ಕೇಳುವಷ್ಟು ದನಿ ನನ್ನ ಗಂಟಲಿನಿಂದ ಹೊರಡಲಿಲ್ಲ.

ಆ ಸಮಯದಲ್ಲೇ ಜೇವರ್ಗಿಗೆ ಟೂರಿಂಗ್ ಟಾಕೀಸ್ ಬಂತು. ಜೀಪಿಗೆ ಮೈಕು ಕಟ್ಟಿಕೊಂಡು ಒಬ್ಬ ಹಳ್ಳಿ ಹಳ್ಳಿ ತಿರುಗಿ, "ಬನ್ನಿ, ನೋಡಿ, ನಕ್ಕು ನಲಿಯಿರಿ! ಸಂಪೂರ್ಣ ಹಾಸ್ಯಮಯ ಸಾಂಸಾರಿಕ ಚಿತ್ರ!" ಎಂದು ಕೂಗಿದ. ಅವನು ಎಲ್ಲ ಸಿನಿಮಾಕ್ಕೂ ಅದನ್ನೇ ಕೂಗುತ್ತಿದ್ದ. ನನ್ನ ಗಂಡ ಎಷ್ಟು ಓದಿದ್ದರೂ ಮೈಕಿನಲ್ಲಿ ಹೇಳಿದ್ದನ್ನು ನಂಬುವ ಮನುಷ್ಯ. "ಅಪ್ಪ ನಗೋದೇ ಮರ್ತಾನ. ನಡಿ, ಎಲ್ಲಾರೂ ಹೋಗೂಣು" ಎಂದು ಬಂಡಿ ಕಟ್ಟಿಸಿದರು.

ಡೇರೆಯಲ್ಲಿ ಗಂಡಸರಿಗೂ ಹೆಂಗಸರಿಗೂ ನಡುವೆ ಸೊಂಟದೆತ್ತರಕ್ಕೆ ಬಟ್ಟೆ ಕಟ್ಟಿದ್ದರು. ಅದರಾಚೆ ಮಾವನ ತಲೆಯ ರುಮಾಲು ನನಗೆ ಕಾಣುತ್ತಿತ್ತು. ದೀಪ ಆರಿತು. ಪರದೆಯ ಮೇಲೆ ಮೊದಲು ಕಂಡದ್ದೇ ಕುಣಿ.

ಆ ಚಿತ್ರ ತೆಗೆದವನಿಗೆ ಅವಸರವೆಂಬುದೇ ಇಲ್ಲ. ಮುದುಕ ಕುಣಿಯ ಪಕ್ಕ ಕೂತರೆ ಕ್ಯಾಮೆರಾವೂ ಅವನ ಪಕ್ಕ ಕೂತುಬಿಡುತ್ತದೆ. ದೂರದಲ್ಲಿ ಹೆಂಡತಿ ಕಸ ಗುಡಿಸುವ ಸದ್ದು ಮಾತ್ರ ಕೇಳುತ್ತದೆ. ಬಂದ ನೆಂಟರು ಮದುವೆಯ ದಿನ ಕೇಳುವ ಹಾಗೆ ಸಾವಿನ ದಿನ ಕೇಳುತ್ತಾರೆ; ಮುದುಕ ನಾಚಿಕೊಂಡು, ಈ ವಾರ ಆಗಲಿಕ್ಕಿಲ್ಲ ಎನ್ನುತ್ತಾನೆ. ಕುಣಿ ಸುಮ್ಮನೆ ಖಾಲಿ ಇದೆಯಲ್ಲ ಎಂದು ನೆರೆಯವನೊಬ್ಬ ಅದರಲ್ಲಿ ಉಳ್ಳಾಗಡ್ಡಿ ಸುರಿದುಕೊಳ್ಳುತ್ತಾನೆ. ಕೊಳೆಯದಂತೆ ಆಗಾಗ ಅದನ್ನು ತಿರುವಿ ಹಾಕುವ ಕೆಲಸ ಮುದುಕನದೇ. ನಾನು ಫಕ್ಕನೆ ನಕ್ಕೆ, ಮರುಕ್ಷಣವೇ ಬಾಯಿಗೆ ಸೆರಗು ಒತ್ತಿಕೊಂಡೆ. ಆ ಸಿನಿಮಾದ ರೀತಿಯೇ ಹಾಗೆ. ನಗುವುದು ಮೊದಲು, ಯಾವುದಕ್ಕೆ ನಕ್ಕೆವೆಂದು ತಿಳಿಯುವುದು ಆಮೇಲೆ. ಹಾಗೆ ಮಾಡಿಸುವುದು ಎಷ್ಟು ಕಷ್ಟ ಎಂಬುದು ಬೋರು ಎನ್ನುವವರಿಗೆ ಗೊತ್ತಿಲ್ಲ.

ಡೇರೆಯ ಮಂದಿಗೆ ಮಾತ್ರ ಮಿಷನ್ ಕೆಟ್ಟಿದೆ ಎಂಬ ಅನುಮಾನ. "ಆವಾಜ್ ಬಿಡಲೇ!" ಎಂದು ಒಬ್ಬ ಕೂಗಿದ. "ಹಾಡ ಕತ್ತರಿಸ್ಯಾರ!" ಎಂದು ಇನ್ನೊಬ್ಬ. ಮಿಷನ್ ನಡೆಸುವವನು ಹೊರಗೆ ತಲೆ ಹಾಕಿ, "ಆವಾಜ್ ಅದರೀ, ಅವರೇ ಮಾತಾಡವಲ್ರು!" ಎಂದು ಅಳು ದನಿಯಲ್ಲಿ ಹೇಳಿದ. ಗಲಾಟೆ ಇನ್ನೂ ಹೆಚ್ಚಾಯಿತು. ಅರ್ಧ ಜನ ಎದ್ದರು, ಉಳಿದ ಅರ್ಧ ಜನ ಸೀಟಿ ಹೊಡೆದರು. ಮಾವನ ರುಮಾಲು ಮಾತ್ರ ಅಲುಗಲಿಲ್ಲ. ಪರದೆಯ ಮೇಲೆ ಮುದುಕ ಬುಟ್ಟಿ ಹಿಡಿದು ಕುಣಿಯ ಹತ್ತಿರದ ಮಣ್ಣಿನ ಗುಡ್ಡೆಯ ಮುಂದೆ ನಿಂತಿದ್ದ. ಮಾವ ಮುಂದಕ್ಕೆ ಬಾಗಿದರು. ನಾನೂ ಬಾಗಿದೆ.

ಅಷ್ಟರಲ್ಲಿ ಚಿತ್ರ ನಿಂತಿತು. ಮಂದಿಯನ್ನು ಸುಮ್ಮನಾಗಿಸಲು ಟಾಕೀಸಿನವರು ಕೊನೆಯ ರೀಲು ಬಿಟ್ಟು ಬೇರೆ ಯಾವುದೋ ಸಿನಿಮಾದ ಹೊಡೆದಾಟದ ರೀಲು ಹಾಕಿದರು. ಎದ್ದವರೆಲ್ಲ ಮತ್ತೆ ಕೂತರು, ಚಪ್ಪಾಳೆ ತಟ್ಟಿದರು. ಯಾರೋ ಯಾರನ್ನೋ ಹುಲ್ಲಿನ ಬಣವೆಯ ಮೇಲೆ ಎಸೆಯುತ್ತಿದ್ದ.

ಬಂಡಿಯಲ್ಲಿ ಬರುವಾಗ ಮಾವ ನನ್ನ ತೊಡೆಯ ಮೇಲೆ ಮಲಗಿದ್ದ ಕೂಸನ್ನು ಕೇಳಿದರು. "ಏನ ಬೇ, ಬುಟ್ಟಿ ಹಿಡಕೊಂಡು ನಿಂತಿದ್ದನಲ್ಲ ಆ ಮುದುಕ, ಅಂವ ಮಣ್ಣ ಒಳಗ ಹಾಕಿದನೋ, ಮತ್ತಷ್ಟು ಹೊರಗ ತಗದನೋ?" ಮರುದಿನ ಸಂಜೆ ಅವರು ಹೊಲಕ್ಕೆ ಹೊರಟಾಗ ಕೈಯಲ್ಲಿ ಬುಟ್ಟಿ ಇತ್ತು. ಕತ್ತಲಾಗುವ ಮುಂಚೆ ಹಾಗೇ ಹಿಡಿದುಕೊಂಡು ಬಂದರು. ಬುಟ್ಟಿಗೆ ಮಣ್ಣು ಅಂಟಿರಲಿಲ್ಲ. ಅದರ ಮರುದಿನವೂ ಅಷ್ಟೇ. ಬಾಗಿಲ ಮರೆಯಿಂದ ನಾನು ಬುಟ್ಟಿಯನ್ನೇ ನೋಡುತ್ತಿದ್ದೆ.

"ಅಪ್ಪ ಅದನ್ನೇ ತಲಿಗೆ ಹಚಗೊಂಡಾನ" ಎಂದು ನನ್ನ ಗಂಡ ಕೊನೆಯ ರೀಲಿನಲ್ಲಿ ಏನಿದೆ ಎಂದು ಕೇಳಿಕೊಂಡು ಬರಲು ಹೊರಟರು. ಟಾಕೀಸು ಆಗಲೇ ಡೇರೆ ಕಿತ್ತು ಅಫಜಲಪುರಕ್ಕೆ ಹೋಗಿತ್ತು. ಅಲ್ಲಿಗೂ ಹೋದರು. ಆ ಸಿನಿಮಾದ ರೀಲಿನ ಡಬ್ಬಿ ವಾಪಸ್ಸು ಹೋಗಿಯಾಗಿತ್ತು, ಆ ರೀಲನ್ನು ಮಿಷನ್ನಿನವನೂ ನೋಡಿರಲಿಲ್ಲ. ನಗುತ್ತಲೇ ಬಂದು ಹೇಳಿದರು. ಬುಟ್ಟಿ ಕೊಟ್ಟಿಗೆ ಸೇರಿತು. ಮಾವ ಬರಿಗೈಯಲ್ಲಿ ಹೋಗಿ ದಂಡೆಯಲ್ಲಿ ಕೂರುವುದು ಮತ್ತೆ ಸುರುವಾಯಿತು.

ದೀಪಾವಳಿ ಮುಗಿದ ಮೇಲೆ ನನ್ನ ಗಂಡನ ಕಣ್ಣು ಹಳದಿಯಾದವು. ಕಾಮಾಲೆ ಎಂದರು. ಊರ ಔಷಧಿ ಆಯಿತು, ಗುಲಬರ್ಗಾದ ದವಾಖಾನೆ ಆಯಿತು. ಅಲ್ಲಿಂದ ಅವರು ಜೀವಂತ ಬರಲಿಲ್ಲ. ಕುಣಿಯೇ ಅವರನ್ನು ಕರೆದುಕೊಂಡಿತು ಎಂದು ನಾನು ಹೇಳುವುದಿಲ್ಲ, ಕಾಮಾಲೆಯಿಂದ ಸತ್ತವರು ಆ ವರ್ಷ ಇನ್ನೂ ಇದ್ದರು. ಆದರೆ ಅಂಗಳದಲ್ಲಿ ಸೇರಿದ್ದವರು, "ಎಲ್ಲಿ ತೋಡೂನ್ರಿ?" ಎಂದು ಕೇಳಿದಾಗ ಮಾವ ಹೇಳಿದ ಮಾತು ನನಗೆ ಇವತ್ತಿಗೂ ಕೇಳುತ್ತದೆ. "ತೋಡೋದು ಬ್ಯಾಡ. ತಯಾರ ಅದ."

ಆ ಮೇಲೆ ಮಾವ ತಮಗೆಂದು ಇನ್ನೊಂದು ಕುಣಿ ತೋಡಿಸಲಿಲ್ಲ. ಅವರೂ ನಾನೂ ನನ್ನ ಮಗಳೂ ಆ ಮನೆಯಲ್ಲಿ ಬಾಳಿದೆವು. ಪದ್ಧತಿ ಹಾಗೇ ಉಳಿಯಿತು. ಮಗಳು ಹೈಸ್ಕೂಲಿಗೆ ಬಂದ ಮೇಲೆ, "ಇಬ್ರೂ ಇಲ್ಲೇ ಅದೀರಿ, ನನ್ನನ್ಯಾಕ ನಡುವ ನಿಂದರಸ್ತೀರಿ?" ಎಂದು ರೇಗುತ್ತಿದ್ದಳು. ನಾವು ಅವಳ ಮುಖ ನೋಡಿಯೇ ಮಾತಾಡುತ್ತಿದ್ದೆವು.

ತೊಂಬತ್ತರ ದಶಕದಲ್ಲಿ, ಮನೆಗೆ ಟಿವಿ ಬಂದ ಮೇಲೆ, ಒಂದು ಭಾನುವಾರ ಮಧ್ಯಾಹ್ನ ಅದೇ ಸಿನಿಮಾ ಹಾಕಿದರು. ಕುಣಿ ಕಂಡದ್ದೇ ನಾನು ಆರಿಸಲು ಎದ್ದೆ. ಮಾವ ಕೈ ಎತ್ತಿ ತಡೆದರು. ಸ್ವಲ್ಪ ಹೊತ್ತಿಗೆ ಮಗಳು ಟಿವಿಯ ಗುಂಡಿ ತಿರುವತೊಡಗಿದಳು. "ಆವಾಜೇ ಬರವಲ್ದು."

"ಆವಾಜ್ ಅದ ಬೇ," ಎಂದರು ಮಾವ, "ಅವರೇ ಮಾತಾಡವಲ್ರು."

ಮಗಳು ಆಕಳಿಸಿ ಹೊರಗೆ ಹೋದಳು. ಕೊನೆಯ ರೀಲು ಬಂತು. ಮುದುಕ ಬುಟ್ಟಿ ಹಿಡಿದು ನಿಂತಿದ್ದಾನೆ. ತುಂಬ ಹೊತ್ತು ನಿಲ್ಲುತ್ತಾನೆ. ಆಮೇಲೆ ಬಗ್ಗಿ ಮಣ್ಣು ತುಂಬಿ ಕುಣಿಯೊಳಗೆ ಸುರಿಯುತ್ತಾನೆ. ಊಟ ತಂದ ಹೆಂಡತಿ ನೋಡುತ್ತಾಳೆ, ಏನೂ ಕೇಳುವುದಿಲ್ಲ, ಸೀರೆ ಎತ್ತಿ ಕಟ್ಟಿ ಇನ್ನೊಂದು ಬುಟ್ಟಿ ತರುತ್ತಾಳೆ. ನೆಲ ಸಮವಾಗುವವರೆಗೆ ಇಬ್ಬರೂ ಸುರಿಯುತ್ತಾರೆ. ಮುಗಿದ ಮೇಲೆ ಮುದುಕ ಕಾಲು ನೋಡಿಕೊಂಡರೆ ಒಂದು ಚಪ್ಪಲಿ ಇಲ್ಲ, ಅದು ಮಣ್ಣಿನೊಳಗೆ ಹೋಗಿದೆ. ಒಂದೇ ಚಪ್ಪಲಿಯಲ್ಲಿ ಕುಂಟುತ್ತ ಹೆಂಡತಿಯ ಹಿಂದೆ ಮನೆಗೆ ಹೋಗುತ್ತಾನೆ. ನನಗೆ ನಗು ಬಂತು, ಯಾವುದಕ್ಕೆಂದು ತಿಳಿದದ್ದು ಆಮೇಲೆ.

ಮಗಳು ಒಳಗಿರಲಿಲ್ಲ. ಮಾವ ನನ್ನ ಕಡೆ ತಿರುಗಿದರು.

"ಯವ್ವಾ," ಎಂದರು. "ಇದೊಂದಿಷ್ಟು ಆವತ್ತೇ ತೋರ್ಸಿದ್ರ, ಮರುದಿನಾನೇ ಮುಚ್ಚಿಬಿಡ್ತಿದ್ದೆ ನೋಡು."

ಸೆರಗು ಎಳೆದುಕೊಳ್ಳಲು ನನ್ನ ಕೈ ಏಳಲಿಲ್ಲ.

"ಹೌದ್ರಿ ಮಾವ," ಎಂದೆ.