ಚಂಗಿಯ ಕೊರಳ ದಾರ

ಶ್ರಾವಣ ಸೋಮವಾರ, ಬೆಳಿಗ್ಗೆ ಆರು ಗಂಟೆ ಇಪ್ಪತ್ತು ನಿಮಿಷ. ಹಾಜರಿದ್ದವರು ನಾನು, ನನ್ನ ಹೆಂಡತಿ ಮತ್ತು ಬಿದಿರ ಬುಟ್ಟಿಯಲ್ಲಿ ಮಲಗಿದ್ದ ಮುಂಗುಸಿ. ಮುಂಗುಸಿ ಹಾಲು ಕುಡಿಯಲಿಲ್ಲ.

ಎಪ್ಪತ್ತಾರನೆಯ ಇಸವಿಯ ನನ್ನ ದಿನಚರಿಯ ಒಂದು ಪುಟ ಹೀಗೆ ಆರಂಭವಾಗುತ್ತದೆ. ಒಂದು ಯಃಕಶ್ಚಿತ್ ಪ್ರಾಣಿ ಒಂದು ಬಟ್ಟಲು ಹಾಲನ್ನು ನಿರಾಕರಿಸಿದ್ದಕ್ಕೆ ಇಷ್ಟು ಔಪಚಾರಿಕ ದಾಖಲೆಯೇ ಎಂದು ನೀವು ನಗಬಹುದು. ನಗಿರಿ, ಅಡ್ಡಿಯಿಲ್ಲ. ಆ ಪುಟ ತೆರೆದಾಗಲೆಲ್ಲ ನನಗೆ ಮಾತ್ರ ನಗು ಬರುವುದಿಲ್ಲ.

ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ಮೂರು ಊರುಗಳ ಶಾಲೆಗಳಲ್ಲಿ ಮಾಸ್ತರಿಕೆ ಮಾಡಿ, ಕೊನೆಗೆ ಇಂಡಿಯಲ್ಲಿ ಮುಖ್ಯಾಧ್ಯಾಪಕನಾಗಿ ನಿವೃತ್ತನಾದವನು ನಾನು. ಗಂಟೆಯ ಸದ್ದಿಗೆ ಏಳುತ್ತ ಕೂಡುತ್ತ ಮೂವತ್ತು ವರ್ಷ ಕಳೆದವನಿಗೆ ಗಂಟೆಯಿಲ್ಲದ ಮನೆ ಬಿಕೋ ಎನ್ನತೊಡಗಿತು. ಆದ್ದರಿಂದ ಮನೆಯನ್ನೇ ಶಾಲೆ ಮಾಡಿಕೊಂಡೆ. ಸ್ನಾನ, ಲಿಂಗಪೂಜೆ, ಓದು, ಊಟ, ಅರ್ಧ ಗಂಟೆಯ ನಿದ್ರೆ, ಎಲ್ಲದಕ್ಕೂ ಗೋಡೆಯ ಮೇಲೊಂದು ವೇಳಾಪತ್ರಿಕೆ. ಹೆಂಡತಿ ಆ ಶಾಲೆಯ ಏಕೈಕ ವಿದ್ಯಾರ್ಥಿನಿ. ಹಾಜರಿ ಪೂರ್ಣ, ವಿಧೇಯತೆ ಸಾಧಾರಣ.

ಎರಡನೆಯ ವಿದ್ಯಾರ್ಥಿನಿಯ ಪ್ರವೇಶವಾದದ್ದು ಎಳ್ಳ ಅಮಾವಾಸ್ಯೆಯ ದಿನ. ಯಂಕಂಚಿಯಲ್ಲಿರುವ ಹೆಂಡತಿಯ ತಮ್ಮನ ಹೊಲಕ್ಕೆ, ಭೂತಾಯಿಗೆ ನೈವೇದ್ಯದ ಚರಗ ಚೆಲ್ಲಲು ಹೋದಾಗ, ಜೋಳದ ಕಣಕಿಯ ಬಣವೆಯ ಬುಡದಲ್ಲಿ ತಾಯಿ ಕಳೆದುಕೊಂಡ ಮುಂಗುಸಿ ಮರಿಯೊಂದು ಸಿಕ್ಕಿತು. ಹೆಂಡತಿ ಅದನ್ನು ಸೆರಗಿನಲ್ಲಿಟ್ಟುಕೊಂಡು ಬಂದಳು. ಇದ್ದಲ್ಲಿಂದಲೇ ಚಂಗನೆ ಜಿಗಿಯುತ್ತಿದ್ದುದರಿಂದ ಚಂಗಿ ಎಂದು ಹೆಸರಾಯಿತು. ನಾನು ಅದಕ್ಕೆ ಕೊಟ್ಟದ್ದು ಹೆಸರನ್ನಲ್ಲ, ಶಿಸ್ತನ್ನು. ಡ್ರಿಲ್ ತರಗತಿಯಲ್ಲಿ ವರ್ಷಗಟ್ಟಲೆ ನನ್ನ ಕೊರಳಲ್ಲಿ ಸೀಟಿ ತೂಗುಹಾಕಿದ್ದ ಕೆಂಪು ನೂಲಿನ ದಾರವನ್ನು ಅದರ ಕೊರಳಿಗೆ ಕಟ್ಟಿ, ಸ್ಕೌಟ್ ಹುಡುಗರಿಗೆ ಕಲಿಸುತ್ತಿದ್ದ ಚಪ್ಪಟೆ ಗಂಟನ್ನು ಹಾಕಿದೆ. ಎಡದ್ದು ಬಲದ ಮೇಲೆ, ಬಲದ್ದು ಎಡದ ಮೇಲೆ. ಬಿಗಿದರೆ ತಾನಾಗಿ ಸಡಿಲಾಗುವ ಮಾತೇ ಇಲ್ಲ. ಆ ಗಂಟಿನ ಬಗ್ಗೆ ನನಗೆ ಬಹಳ ಅಭಿಮಾನವಿತ್ತು.

ಗಂಟು ಸಡಿಲಾಗಲಿಲ್ಲ, ಮುಂಗುಸಿ ಬೆಳೆಯಿತು. ಈ ಎರಡು ಸಂಗತಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವ ಬುದ್ಧಿ, ಪ್ರತಿ ಸೋಮವಾರ ನೂರಾರು ಮಕ್ಕಳ ಉಗುರು ಪರೀಕ್ಷಿಸಿದ ನನಗೆ ಬರಲಿಲ್ಲ. ಕೂದಲು ಸೊಂಪಾಗಿ ಬೆಳೆದು ದಾರವನ್ನು ಮುಚ್ಚಿಬಿಟ್ಟಿತ್ತು. ಒಂದು ಬುಧವಾರ ಹೆಂಡತಿ, "ಚಂಗಿ ಕೊಳ್ಳಾಗಿಂದ ಏನೋ ವಾಸನಿ ಬರಾಕತ್ತೈತಿ, ಒಂದೀಟು ನೋಡ್ರಿ" ಎಂದಳು. ನಾನು ಓದುತ್ತಿದ್ದ ಪತ್ರಿಕೆಯಿಂದ ತಲೆ ಎತ್ತದೆ, "ಅದರ ಮೈ ತೊಳಿಯೂದು ಶನಿವಾರ. ಅವತ್ತ ನೋಡೋಣು" ಎಂದೆ.

ಓದುಗರೇ, ನನ್ನ ತಪ್ಪು ಇಷ್ಟೇ ಗಾತ್ರದ್ದು: ಬುಧವಾರದಿಂದ ಶನಿವಾರದವರೆಗಿನದು. ಮೂರು ದಿನ.

ಶನಿವಾರ ಕೂದಲು ಸರಿಸಿ ನೋಡಿದರೆ ದಾರ ಕಾಣಲಿಲ್ಲ, ಮಾಂಸದೊಳಗೆ ಹೂತುಹೋಗಿತ್ತು. ಬುಟ್ಟಿಯನ್ನು ಎದೆಗವಚಿಕೊಂಡು ದನದ ದವಾಖಾನೆಗೆ ಓಡಿದೆವು. ಅಲ್ಲಿಯ ಡಾಕ್ಟರು ಗುರುಪಾದ, ಮುದ್ದೇಬಿಹಾಳದಲ್ಲಿ ನನ್ನ ವಿದ್ಯಾರ್ಥಿಯಾಗಿದ್ದವನು. "ಏನಾತ್ರಿ ಸರ್?" ಎಂದು ಕೇಳಿದ. ಅವನ ಕಣ್ಣಲ್ಲಿ ಇನ್ನೂ ಉಳಿದಿದ್ದ ಹಳೆಯ ಭಕ್ತಿಯನ್ನು ಕಂಡು ನನ್ನ ನಾಲಗೆ ತನ್ನಷ್ಟಕ್ಕೆ ತಾನೇ ಹೊರಳಿತು. "ಹೊಲದಾಗ ಯಾರೋ ಉರುಲು ಹಾಕಿದ್ರಂತ ಕಾಣ್ತೈತಿ" ಎಂದುಬಿಟ್ಟೆ.

ಹೆಂಡತಿ ನನ್ನನ್ನು ನೋಡಲಿಲ್ಲ, ಗೋಡೆ ನೋಡಿದಳು.

ಒಂದು ತಾಸಿನ ಮೇಲೆ ಗುರುಪಾದ ಹೊರಬಂದು, ಕಾಗದದಲ್ಲಿ ಸುತ್ತಿದ ಒಂದು ಸಣ್ಣ ಪೊಟ್ಟಣವನ್ನು ನನ್ನ ಕೈಗಿತ್ತ. "ಇದು ನಿಮ್ಮ ಕಡೆ ಇರ್ಲಿ ಸರ್" ಎಂದ. ಬಿಚ್ಚಿದರೆ ಕೆಂಪು ದಾರ; ಗಂಟಿನ ಪಕ್ಕಕ್ಕೆ ಕತ್ತರಿಸಿದ್ದರಿಂದ ಗಂಟು ಮಾತ್ರ ಅಚ್ಚಳಿಯದೆ ಉಳಿದಿತ್ತು. ಆಮೇಲೆ ನಮ್ಮನ್ನು ಒಳಗೆ ಕರೆದು, ನನ್ನೆದುರಿಗೇ ಹೊಲಿಗೆಯ ಮೇಲೆ ಪಟ್ಟಿ ಸುತ್ತಿ, ಅದೇ ಚಪ್ಪಟೆ ಗಂಟು ಹಾಕಿ, ಪಟ್ಟಿಯೊಳಗೆ ತನ್ನ ಎರಡು ಬೆರಳು ತೂರಿಸಿ ತೋರಿಸಿದ. "ಎರಡು ಬೆರಳು ಹೋಗಬೇಕ್ರಿ. ದಿನಾ ನೋಡ್ರಿ. ಸೋಮವಾರ ಸಂಜೀತನಕ ಏನೂ ತಿನ್ನಲಿಲ್ಲಂದ್ರ ಬದಕೂದು ಕಷ್ಟ ಐತ್ರಿ."

ದಾರಿಯಲ್ಲಿ ಹೆಂಡತಿ ಕೇಳಿದ್ದು ಒಂದೇ ಮಾತು: "ಉರುಲು ಹಾಕಿದವರು ಯಾರಂತ ನಾ ಹೇಳ್ಲೇನು?"

ಹೇಳಬೇಕಾಗಿರಲಿಲ್ಲ. ನನಗೆ ಆಗ ಮುದ್ದೇಬಿಹಾಳದ ಶಾಲೆಯ ಬಯಲು ನೆನಪಾಗುತ್ತಿತ್ತು. ಲೆಕ್ಕದ ಪಟ್ಟಿಯನ್ನು, ಅಂದರೆ ನೋಟುಪುಸ್ತಕವನ್ನು, ಎಮ್ಮೆಯ ಕರು ತಿಂದುಹಾಕಿತು ಎಂದ ಗುರುಪಾದನನ್ನು ಸುಳ್ಳುಗಾರನೆಂದು ಒಂದಿಡೀ ಡ್ರಿಲ್ ತರಗತಿ ಬಿಸಿಲಲ್ಲಿ ನಿಲ್ಲಿಸಿದ್ದೆ. ಮರುದಿನ ಅವನು ಅರ್ಧ ಜಗಿದ ಪಟ್ಟಿಯನ್ನೇ ತಂದು ಮೇಜಿನ ಮೇಲಿಟ್ಟ. ನಾನು, "ಹೂಂ, ಕೂತ್ಕೊ" ಎಂದಿದ್ದೆ. ಅಷ್ಟೇ.

ಇನ್ನು ಶುಶ್ರೂಷೆಯ ವಿಚಾರ. ಹಳೆಯ ವೇಳಾಪತ್ರಿಕೆಯ ಪಕ್ಕಕ್ಕೆ ಹೊಸದೊಂದನ್ನು ಅಂಟಿಸಿದೆ: ಆರೂ ಇಪ್ಪತ್ತಕ್ಕೆ ಹಾಲು, ಹತ್ತಕ್ಕೆ ಮೊಟ್ಟೆ, ಎರಡಕ್ಕೆ ಹಾಲು, ಐದಕ್ಕೆ ಮತ್ತೆ ಮೊಟ್ಟೆ. ಲಿಂಗಪೂಜೆಯ ಮನೆಗೆ, ಅದೂ ಶ್ರಾವಣದಲ್ಲಿ, ಮೊಟ್ಟೆ ತರುವುದೆಂದರೆ ಎಂಥ ಸಾಹಸವೆಂದು ನಮ್ಮ ಕಡೆಯವರಿಗೆ ವಿವರಿಸಬೇಕಿಲ್ಲ. ಬಸ್‌ಸ್ಟ್ಯಾಂಡಿನ ಹಿಂದಿನ ಅಂಗಡಿಯಲ್ಲಿ ಕೊಂಡ ನಾಲ್ಕು ಮೊಟ್ಟೆಗಳನ್ನು ನನ್ನ ಬಿಳಿ ಟೋಪಿಯಲ್ಲಿಟ್ಟು, ಮೇಲೆ ಕರವಸ್ತ್ರ ಹೊದಿಸಿ, ಬರಿದಲೆಯಲ್ಲಿ ಬರುತ್ತಿದ್ದಾಗ ನೆರೆಮನೆಯ ಯಜಮಾನರು, "ಏನ್ರಿ ಮಾಸ್ತರ್ರ, ಟೊಪಗಿ ತಲಿ ಬಿಟ್ಟು ಕೈಗೆ ಬಂದೈತಿ?" ಎಂದರು. "ಸೆಕಿ ಭಾಳ ಐತ್ರಿ" ಎಂದೆ. ಜಿಟಿಜಿಟಿ ಮಳೆ ಬೀಳುತ್ತಿತ್ತು. ಆ ವಾರದ ನನ್ನ ಎರಡನೆಯ ಸುಳ್ಳು ಅದು. ಮೊದಲನೆಯದಕ್ಕಿಂತ ಸಲೀಸಾಗಿ ಬಂದದ್ದನ್ನು ಗಮನಿಸಿ ನನಗೆ ನಾನೇ ಹೆದರಿದೆ.

ಚಂಗಿ ಯಾವುದನ್ನೂ ಮುಟ್ಟಲಿಲ್ಲ. ನಾನು ಬಟ್ಟಲು ಹಿಡಿದು, ಎಡಗೈಯ ಗಡಿಯಾರ ನೋಡುತ್ತ ಎದುರಿಗೆ ಕೂತರೆ ಅದು ಮೂತಿಯನ್ನು ಬಾಲದೊಳಗೆ ಹುದುಗಿಸಿ ಮಲಗುತ್ತಿತ್ತು. ಸೋಮವಾರವೂ ಬೆಳಗಿನ ಹಾಲು ಹೋಯಿತು, ಹತ್ತರ ಮೊಟ್ಟೆ ಹೋಯಿತು, ಎರಡರ ಹಾಲೂ ಹೋಯಿತು. ಪಕ್ಕೆಗಳು ಎಣಿಸುವಂತೆ ಎದ್ದು ಕಾಣುತ್ತಿದ್ದವು. ಮೂರಕ್ಕೆ ಹೆಂಡತಿ ಬಟ್ಟಲನ್ನು ನನ್ನ ಕೈಯಿಂದ ತೆಗೆದುಕೊಂಡಳು. "ಪರೀಕ್ಷಾ ಖೋಲ್ಯಾಗ ಕುಂತಂಗ ಕುಂತ್ರ ಯಾರು ಉಣ್ತಾರ್ರಿ? ಅದು ನಿಮ್ಮ ಕೈ ನೋಡಿ ಅಂಜತೈತಿ. ಎಲ್ಲೆರ ಹೋಗಿ ಬರ್ರಿ."

ವೇಳಾಪತ್ರಿಕೆಯಲ್ಲಿ ಇಲ್ಲದ ಹೊತ್ತಿನಲ್ಲಿ ಮನೆಯಿಂದ ಹೊರಬಿದ್ದ ನನಗೆ ಹೋಗಲು ಒಂದೇ ಸ್ಥಳವಿತ್ತು. ದನದ ದವಾಖಾನೆಯ ಅಂಗಳದಲ್ಲಿ ತಾಂಬಾ ಗ್ರಾಮದ ರೈತನೊಬ್ಬ ಎತ್ತು ಹಿಡಿದು ನಿಂತಿದ್ದ. ಗುರುಪಾದ ಅದರ ಹೆಗಲ ಹುಣ್ಣಿಗೆ ಮುಲಾಮು ಹಚ್ಚುತ್ತಿದ್ದ. ರೈತ ಹೋಗಲಿ, ಆಮೇಲೆ ಏಕಾಂತದಲ್ಲಿ ಹೇಳೋಣ ಎಂದುಕೊಂಡೆ. ಮರುಕ್ಷಣವೇ, ಗುರುಪಾದನನ್ನು ಬಿಸಿಲಲ್ಲಿ ನಿಲ್ಲಿಸಿದ್ದು ಇಡೀ ಶಾಲೆಯ ಎದುರಿಗಲ್ಲವೇ ಎನ್ನಿಸಿತು.

"ಗುರುಪಾದ, ಅದು ಉರುಲಲ್ಲ. ನಾ ಕಟ್ಟಿದ ದಾರ. ನಮ್ಮ ಮನಿಯಾಕಿ ಬುಧವಾರನ ಹೇಳಿದ್ಲು, ನಾ ನೋಡಲಿಲ್ಲ" ಎಂದೆ.

ಮೊದಲು ಮಾತಾಡಿದವನು ರೈತ. "ಬಿಚ್ಚಿ ಕಟ್ಟಲಿಲ್ಲೇನ್ರಿ ಮಾಸ್ತರ್ರ? ನಾವು ಕಾರ ಹುಣ್ಣಿವಿಗೆ ಎತ್ತಿನ ಹಳೆ ಹಗ್ಗ ತಗದು ಹೊಸಾವು ಹಾಕ್ತೇವಿ. ದನಾ ಬೆಳಿತೈತಿ, ಹಗ್ಗ ಬೆಳಿಯೂದಿಲ್ಲಲ್ರಿ." ಅವನು ಹಂಗಿಸಿ ಹೇಳಲಿಲ್ಲ, ಅಕ್ಷರ ಬಾರದವನಿಗೆ ಅರ್ಜಿ ಬರೆದುಕೊಡುವಾಗ ನಾವು ಮಾತಾಡುತ್ತೇವಲ್ಲ, ಹಾಗೆ ಹೇಳಿದ. ಎತ್ತಿಲ್ಲದ ಮನೆಯಲ್ಲಿ ಕಾರ ಹುಣ್ಣಿಮೆಗೆ ಹೋಳಿಗೆ ತಿಂದು ಮಲಗಿದ್ದೆ ನಾನು.

"ಗೊತ್ತಿತ್ರಿ ಸರ್," ಎಂದ ಗುರುಪಾದ, ಎತ್ತಿನಿಂದ ಕೈ ತೆಗೆಯದೆ.

"ಮತ್ತ ಅವತ್ತ ಯಾಕ ಕೇಳಲಿಲ್ಲೊ?"

"ಕೇಳಿ ಏನ್ ಮಾಡ್ಲಿ? ನಿಮ್ಮನ್ನ ಬಿಸಲಾಗ ನಿಂದರ್ಸಾಕ ಆಗ್ತೈತೇನ್ರಿ?"

ಅವನು ನಕ್ಕ. ಅರ್ಥವಾಗದಿದ್ದರೂ ರೈತನೂ ನಕ್ಕ. ನಾನು ಮಾತ್ರ, ಇಪ್ಪತ್ತು ವರ್ಷ ತಡವಾಗಿ, "ನಿನ್ನ ಪಟ್ಟಿ ಕರಾ ತಿಂದಿದ್ದು ಖರೇ ಇತ್ತಪ್ಪಾ. ನಂದ ತಪ್ಪು" ಎಂದೆ. ಗುರುಪಾದ ಕೈ ಒರೆಸಿಕೊಂಡು, "ನಡ್ರಿ, ಚಂಗೀನ ನೋಡೋಣು" ಎಂದು ಸೈಕಲ್ ತೆಗೆದ.

ಮನೆಗೆ ಬಂದಾಗ ಹೆಂಡತಿ ಹಿತ್ತಲ ಬಾಗಿಲಲ್ಲಿ ಕೂತು ಪುಂಡಿಪಲ್ಯದ ಸೊಪ್ಪು ಬಿಡಿಸುತ್ತಿದ್ದಳು. ಬೆರಳು ತುಟಿಗಿಟ್ಟು ಬುಟ್ಟಿಯ ಕಡೆ ಕಣ್ಣು ತೋರಿದಳು. ಚಂಗಿ ಮಲಗಿತ್ತು, ಮೀಸೆಯ ತುದಿಯಲ್ಲಿ ಹಳದಿ ಅಂಟಿತ್ತು. ಮೊಟ್ಟೆಯ ಬಟ್ಟಲು ತೊಳೆದಿಟ್ಟಂತಿತ್ತು, ಹಾಲಿನ ಬಟ್ಟಲಿನ ತಳ ಕಾಣುತ್ತಿತ್ತು. ಗುರುಪಾದ ಹಳೆಯ ಪಟ್ಟಿ ಬಿಚ್ಚಿ ಹೊಸದು ಸುತ್ತಿ, ಗಂಟು ಹಾಕುವ ಕೆಲಸವನ್ನು ನನಗೇ ಬಿಟ್ಟ. ಗಂಟು ಹಾಕಿ, ಎರಡು ಬೆರಳು ತೂರಿಸಿ ನೋಡಿದೆ. ಚಂಗಿ ಕಣ್ಣು ತೆರೆದು ನನ್ನ ಕೈ ಮೂಸಿತು, ಮೈ ಹಿಂದೆಗೆದುಕೊಂಡು ಬುಟ್ಟಿಯ ಮೂಲೆಗೆ ಸರಿಯಿತು. ಅದು ನ್ಯಾಯವೇ ಆಗಿತ್ತು.

ದೀಪ ಹಚ್ಚುವ ಹೊತ್ತಿಗೆ ದಿನಚರಿ ತೆರೆದು, ಶನಿವಾರದ ಪುಟದಲ್ಲೂ ನಾನು ಬರೆದಿಟ್ಟಿದ್ದ 'ಉರುಲು' ಎಂಬ ಮಾತನ್ನು ಹೊಡೆದುಹಾಕಿ 'ನಾನು ಕಟ್ಟಿದ ದಾರ' ಎಂದು ಬರೆದೆ. ಆಮೇಲೆ ಸೋಮವಾರದ ಪುಟಕ್ಕೆ ಬಂದು, ಬೆಳಗಿನ ಸಾಲಿನ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ಮುಂಗುಸಿ ಹಾಲು ಕುಡಿಯಿತು. ಹಾಜರಿದ್ದವರು ಹೆಂಡತಿ ಒಬ್ಬಳೇ. ಎಷ್ಟು ಗಂಟೆಗೆ ಎಂದು ಅವಳನ್ನು ಕೇಳಲಿಲ್ಲ; ಆ ಜಾಗವನ್ನು ಖಾಲಿ ಬಿಟ್ಟು ಪುಸ್ತಕ ಮುಚ್ಚಿದೆ.