ಓತಿಲಿಯಾಳ ಬಾಗಿಲಲ್ಲಿ ಪೊಸಾದಾ

ಎರ್ಮೆಲಿಂದಾ ಶಿಕಾಗೋದ ಮೆಕ್ಸಿಕನ್ ಕೇರಿಯಲ್ಲಿ, ಬಸ್ ನಿಲ್ಲುವ ಮೂಲೆಯಲ್ಲಿ ತಮಾಲೆ ಮಾರುತ್ತಿದ್ದಳು. ಜೋಳದ ಹಿಟ್ಟಿನ ಆ ಕಡುಬಿಗಿಂತ ಅವಳ ನಾಲಿಗೆಯೇ ಖಾರ ಎಂದು ಗಿರಾಕಿಗಳ ದೂರು. ಆದರೂ ಸಾಲು ಕರಗುತ್ತಿರಲಿಲ್ಲ. ಬೇಕೆಂದವರಿಗೆ ಕೊಡುವುದು ಬರೀ ಹಂಚಿಕೆ, ಬೇಡವೆಂದವರಿಗೆ ದಾಟಿಸುವುದೇ ವ್ಯಾಪಾರ ಎಂಬುದು ಅವಳ ಸಿದ್ಧಾಂತ. ಆ ಚಳಿಗಾಲ ಅವಳು ಮಾರಲು ಹೊರಟದ್ದು ಬೀದಿಯನ್ನು. ಗಿರಾಕಿ ಓತಿಲಿಯಾ.

ಓತಿಲಿಯಾ ಅವಳ ಕೊಮಾದ್ರೆ; ಎರ್ಮೆಲಿಂದಾಳ ಮಗನ ಜ್ಞಾನಸ್ನಾನದಲ್ಲಿ ಧರ್ಮತಾಯಿಯಾಗಿ ನಿಂತವಳು. ಬೇಸಿಗೆಯಲ್ಲಿ ಯಾರೋ ಹಾರಿಸಿದ ಗುಂಡು ಅವಳ ಗೋಡೆಗೆ ಬಡಿದಿತ್ತು. ಬೀದಿದೀಪ ಕೆಟ್ಟು ಕೂತಿತ್ತು, ಎಡಬಲದ ಮನೆಗಳು ಖಾಲಿಯಾಗಿ ಕಿಟಕಿಗಳಿಗೆ ಹಲಗೆ ಬಡಿಸಿಕೊಂಡಿದ್ದವು. ಅಂದಿನಿಂದ ಅವಳು ಹೊಸ್ತಿಲು ದಾಟಿರಲಿಲ್ಲ. ಲಾರಿ ಗುಡುಗಿದರೂ ಎದೆ ಹೊಡೆದುಕೊಳ್ಳುತ್ತಿತ್ತು.

“ಡಾಕ್ಟ್ರು ಫೋನಲ್ಲೇ ಮಾತ್ರೆ ಬರೆದ್ರು. ದಿನಾ ವಾಕಿಂಗ್ ಮಾಡ್ಬೇಕಂತೆ,” ಎಂದಳು ಓತಿಲಿಯಾ, ಮುಚ್ಚಿದ ಬಾಗಿಲ ಹಿಂದಿನಿಂದ. “ಯಾವ ಬೀದೀಲಿ ಅಂತಾನೂ ಬರ್ಕೊಡಿ ಅಂದೆ.”

“ಮಾತ್ರೆ ತಗೊಂಡ್ಯಾ?”

“ತಗೊಂಡೆ. ನಂಗೆ ನಿದ್ದೆ ಬರುತ್ತೆ, ಬೀದಿಗೆ ಬರಲ್ವಲ್ಲ!”

ಎರ್ಮೆಲಿಂದಾ ಡಿಸೆಂಬರ್‌ಗಾಗಿ ಕಾದಳು. ಕ್ರಿಸ್‌ಮಸ್‌ಗೆ ಮುಂಚೆ ಒಂಬತ್ತು ಸಂಜೆ ಪೊಸಾದಾ. ಯೇಸುವಿನ ತಾಯಿ, ತುಂಬು ಬಸುರಿ ಮರಿಯಳಿಗೆ ಜಾಗ ಕೊಡಿ ಎಂದು ಹೊರಗಿನವರು ಹಾಡಬೇಕು, ಇಲ್ಲ ಹೋಗಿ ಎಂದು ಒಳಗಿನವರು ಹಾಡಬೇಕು, ಕೊನೆಗೆ ಬಾಗಿಲು ತೆರೆದು ಬಂದವರಿಗೆಲ್ಲ ಹೊಟ್ಟೆತುಂಬ ಬಡಿಸಬೇಕು. ದಿನಕ್ಕೊಂದು ಮನೆ. ಆ ವರ್ಷ ಯಾವ ಮನೆಯೂ ಮುಂದೆ ಬರಲಿಲ್ಲ.

“ಹಂಗಾದ್ರೆ ಎಲ್ಲಾ ಸಂಜೇನೂ ನಿನ್ನ ಮನೇಲೇ, ಕೊಮಾದ್ರೆ.”

“ನಾನು ಬಾಗಿಲು ತೆಗೆಯಲ್ಲ!”

“ತೆಗಿ ಅಂದೋರ್ಯಾರು? ಒಳಗೇ ನಿಂತು ಇಲ್ಲ ಅನ್ನು. ಬೇಸಿಗೆಯಿಂದ ಅದನ್ನೇ ಅಭ್ಯಾಸ ಮಾಡಿದೀಯಲ್ಲ.”

ಮೊದಲ ಸಂಜೆ ಬಂದವರು ನಾಲ್ಕಾರು ಜನ. ಒಳಗಿಂದ ಓತಿಲಿಯಾ ‘ಇಲ್ಲ’ ಎಂದು ಹಾಡಿದಳು. ಅಷ್ಟು ಮನಸಾರೆ ಆ ಸಾಲನ್ನು ಕೇರಿಯಲ್ಲಿ ಯಾರೂ ಹಾಡಿರಲಿಲ್ಲ. ಬಾಗಿಲು ಅಲುಗಲಿಲ್ಲ. ಎರ್ಮೆಲಿಂದಾ ತನ್ನ ತಮಾಲೆಗಳನ್ನು ಅವಳ ಮೆಟ್ಟಿಲ ಮೇಲೇ ಹಂಚಿದಳು. ಮರುದಿನ ಜನ ಹೆಚ್ಚಿದರು. ಬಿಟ್ಟಿ ತಮಾಲೆಯ ಸುದ್ದಿ ಹರಡಲು ಬೀದಿದೀಪ ಬೇಕಿರಲಿಲ್ಲ.

“ಅವಳು ತೆಗೆಯಲ್ಲಮ್ಮ,” ಎಂದು ಗೊಣಗಿದ ಮುದುಕ ಫಿದೆನ್ಸಿಯೊ. “ಹಿಮದಲ್ಲಿ ನಿಂತು ನಾವ್ಯಾಕೆ ಸಾಯ್ಬೇಕು?”

“ನೀವು ತಿನ್ನಿ, ದೋನ್ ಫಿದೆನ್ಸಿಯೊ. ಸದ್ದು ಮಾಡ್ಕೊಂಡು ತಿನ್ನಿ, ಅವಳಿಗೆ ಕೇಳಿಸ್ಲಿ.”

ಅವಳ ಲೆಕ್ಕ ಇಷ್ಟೇ: ಗುಂಡಿಗೆ ಹೆದರುವ ಹೆಂಗಸು ಬೇಕಾದಷ್ಟು ದಿನ ಹೆದರಲಿ, ಆದರೆ ತನ್ನ ಮೆಟ್ಟಿಲ ಮೇಲೆ ಕೂತು ಅತಿಥಿಗಳು ಬೇರೆಯವಳ ಅಡುಗೆ ಉಣ್ಣುವುದನ್ನು ಎಷ್ಟು ಸಂಜೆ ತಡೆದುಕೊಂಡಾಳು?

“ಖಾರ ಸಾಲ್ದಂತೆ ಕೊಮಾದ್ರೆ, ಎಲ್ಲಾ ನಿನ್ನ ಕೈರುಚಿ ನೆನೆಸ್ಕೊತಿದಾರೆ!”

“ಬಾಯ್ಮುಚ್ಚೇ!” ಎಂದಿತು ಬಾಗಿಲು.

ಕ್ರಿಸ್‌ಮಸ್ ಹತ್ತಿರವಾದ ಒಂದು ಸಂಜೆ ಹಾಡು ಮುಗಿಯುವ ಮುಂಚೆಯೇ ಚಕ್ಕೆ, ಸೀಬೆಹಣ್ಣುಗಳ ಘಮ ಬಂತು. ಒಳಗಿನ ಸರಪಳಿ ಬಿಡುವಷ್ಟು ಅಗಲಕ್ಕೆ ಮಾತ್ರ ಬಾಗಿಲು ತೆರೆಯಿತು. ಸಂದಿಯಲ್ಲಿ ಪೊಂಚೆಯ, ಅಂದರೆ ಬಿಸಿ ಹಣ್ಣಿನ ಪಾನಕದ, ಹಂಡೆ ಕಾಣಿಸಿತು. ಅದರ ಅಂಚು ಚೌಕಟ್ಟಿಗೆ ಬಡಿದು ನಿಂತಿತು.

“ಲೋಟದಲ್ಲಿ ಕೊಡ್ಲಾ?” ಎಂದಳು ಓತಿಲಿಯಾ, ಸಂದಿಯಿಂದ.

“ಇಷ್ಟು ಜನಕ್ಕೆ ಸಂದೀಲಿ ಒಂದೊಂದೇ ಲೋಟ? ಜೈಲಲ್ಲಿ ಕೊಟ್ಟಂಗಾಗುತ್ತೆ.”

ಬೀದಿಯಲ್ಲೊಂದು ಲಾರಿ ಗುಡುಗುತ್ತ ಹೋಯಿತು. ಹಂಡೆಯ ಪೊಂಚೆ ತುಳುಕಿತು. ಎರ್ಮೆಲಿಂದಾ ಬಾಗಿಲು ತಳ್ಳಲಿಲ್ಲ, ಕೈಯನ್ನೂ ಚಾಚಲಿಲ್ಲ. ಗಿರಾಕಿ ಮನಸ್ಸು ಮಾಡುವ ಹೊತ್ತಿನಲ್ಲಿ ಬಾಯಿ ಬಿಟ್ಟವಳು ವ್ಯಾಪಾರ ಕೆಡಿಸಿಕೊಳ್ಳುತ್ತಾಳೆ.

ಸರಪಳಿ ಕಳಚಿತು.

“ಕೆಸರು ಕಾಲಲ್ಲಿ ಒಬ್ಬರೂ ಒಳಗೆ ಬರಬೇಡಿ,” ಎಂದು ಗದರಿದಳು ಓತಿಲಿಯಾ. “ನಾನೇ ತರ್ತೀನಿ.” ಹಂಡೆಯನ್ನು ಎದೆಗವಚಿಕೊಂಡು ಒಂದೊಂದೇ ಮೆಟ್ಟಿಲು ಇಳಿದಳು. ಕೊನೆಯ ಲೋಟ ತುಂಬುವವರೆಗೂ ಬೀದಿಯಲ್ಲೇ ಇದ್ದಳು.